ಕಾಕಾನ ಕಿವಿಗೆ ಹೋದ ಮೀಟಿಂಗ್

ಪಕ್ಕದ ಮನೆಯ ಕಾಕಾನ ಮಗ ಮೊನ್ನೆ ಒಂದು ವೈರ್‌ಲೆಸ್ ಹೆಡ್‌ಫೋನ್ ತಂದು, "ನಡೀತದಾ ನೋಡಿ, ಇಲ್ಲಾಂದ್ರೆ ಭಂಗಾರಿನವನ ಗುಜರಿಗೆ ಹಾಕ್ತೇನೆ" ಎಂದ. ಕಿವಿಯ ಮೆತ್ತೆಗಳಲ್ಲಿ ಇನ್ನೂ ಕಾಕಾನ ತಲೆನೋವಿನ ಮುಲಾಮಿನ ವಾಸನೆ ಇತ್ತು. ನಡೆಯುತ್ತದೋ ಇಲ್ಲವೋ ನೋಡಲೇ ಇಲ್ಲ, ನಾನೇ ಇಟ್ಟುಕೊಳ್ಳುತ್ತೇನೆ ಎಂದೆ.

ಸಯನ್ ಏರಿಯಾದ ನಮ್ಮ ಬಿಲ್ಡಿಂಗಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಕಾಕಾ ಉಡುಪಿ ಕಡೆಯವರು, ಆಯುಷ್ಯವೆಲ್ಲ ಫೋರ್ಟ್‌ನ ಒಂದು ಹೋಟೆಲಿನ ಗಲ್ಲಾದಲ್ಲಿ ಕೂತು ಬಿಲ್ಲಿನ ದುಡ್ಡು ತೆಗೆದುಕೊಂಡವರು. ನಾನು ವಿಜಯಪುರದವನು. ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತು ಕೆಲಸ ಮಾಡುತ್ತೇನೆಂಬ ಒಂದೇ ಕಾರಣಕ್ಕೆ ಅವರ ರಿಮೋಟು, ಮೌಸು, ಕೈಕೊಟ್ಟದ್ದೆಲ್ಲ ನನ್ನ ಹತ್ತಿರ ಬರುತ್ತಿತ್ತು. ನನಗೆ ಬರುತ್ತಿದ್ದ ವಿದ್ಯೆಯೋ, ಆಫ್ ಮಾಡಿ ಆನ್ ಮಾಡುವುದು!

ಒಮ್ಮೆ ಇದೇ ಹೆಡ್‌ಫೋನಿನಲ್ಲಿ ಟಿವಿ ಕೇಳುತ್ತಿಲ್ಲ ಎಂದು ಬಂದರು. ತಪ್ಪು ಟಿವಿಯದೋ ಹೆಡ್‌ಫೋನಿನದೋ ತಿಳಿಯಲೆಂದು ನನ್ನ ಲ್ಯಾಪ್‌ಟಾಪಿಗೆ ಜೋಡಿಸಿ ನೋಡಿದೆ. ಚೆನ್ನಾಗಿಯೇ ಹಾಡಿತು. ಆಮೇಲೆ ಟಿವಿಗೂ ಸೇರಿಕೊಂಡಿತು. ಹೇಗೆ ಸರಿಹೋಯಿತೋ ನನಗಂತೂ ತಿಳಿಯಲಿಲ್ಲ, ಕಾಕಾ ಮಾತ್ರ ಬೆನ್ನು ತಟ್ಟಿ ಹೋದರು.

ಕೆಲವು ದಿನ ಬಿಟ್ಟು ಮ್ಯಾನೇಜರ್ ನನ್ನೊಬ್ಬನನ್ನೇ ಮೀಟಿಂಗಿಗೆ ಕರೆದರು. ಪರದೆಯ ಮೇಲೆ ಅವರ ಬಾಯಿ ಆಡುತ್ತಿದೆ, ಸದ್ದೇ ಇಲ್ಲ. ವಾಲ್ಯೂಮ್ ಏರಿಸಿದೆ, ಸೆಟ್ಟಿಂಗ್ ಕೆದಕಿದೆ... ಏನೂ ಇಲ್ಲ. ಕೇಳಿಸುತ್ತಿಲ್ಲ ಎಂದು ಹಿಂದಿನ ವಾರವೇ ಹೇಳಿ ಬೈಸಿಕೊಂಡಿದ್ದೆ. ಹಾಗಾಗಿ ಅವರು ಮಾತು ನಿಲ್ಲಿಸಿ ನನ್ನ ಮುಖ ನೋಡಿದಾಗೆಲ್ಲ "ಯೆಸ್ ಸರ್" ಎಂದೆ. ಅವರು ತಲೆಯಾಡಿಸಿ ಮರೆಯಾದರು.

ತಕ್ಷಣ ಬೆಲ್ ಆಯಿತು. ಕಾಕಾ ಕೊರಳಿಗೆ ಹೆಡ್‌ಫೋನ್ ಹಾಕಿಕೊಂಡು ನಿಂತಿದ್ದರು. ಒಳಗೆ ಬಂದರು, ಕೂತರು, ಎದ್ದರು, ನೀರು ಕೇಳಿ ಕುಡಿಯದೆ ಇಟ್ಟರು.

"ಮಾರಾಯಾ, ನೀನು ಯಾಕೆ ಎಲ್ಲದಕ್ಕೂ ಯೆಸ್ ಸರ್ ಅಂದದ್ದು?"

"ಯಾರಿಗ್ರಿ ಕಾಕಾ?"

"ಇದರೊಳಗೆ ಮಾತಾಡಿದ್ರಲ್ಲ, ಅವರಿಗೆ! ದಿನಾ ಕಾಂದಿವಲಿ ಆಫೀಸಿಗೆ ಬರ್ತೀಯಾ, ಅಲ್ಲ ರಿಸೈನ್ ಮಾಡ್ತೀಯಾ ಅಂತ ಕೇಳಿದ್ರು. ನೀನು ಗೋಡೆಯ ಆಚೆಯಿಂದ ಯೆಸ್ ಸರ್ ಅಂದೆ. ಹಾಗಾದ್ರೆ ರಿಸೈನ್ ಅಂತ ತಿಳ್ಕೊಳ್ಲಾ ಅಂದ್ರು. ಅದಕ್ಕೂ ಯೆಸ್ ಸರ್!"

ಕಾಕಾನಿಗೆ ಅರಳುಮರಳು ಹಿಡಿಯಿತೋ ಎನಿಸಿತು. ಆದರೆ ಕಾಂದಿವಲಿಗೆ ಬಾ ಎಂದು ಆಫೀಸಿನವರು ಒತ್ತಾಯಿಸುತ್ತಿದ್ದ ವಿಷಯ ನಾನು ಹೆಂಡತಿಗೂ ಹೇಳಿರಲಿಲ್ಲ. ಲ್ಯಾಪ್‌ಟಾಪಿನ ಮೂಲೆಯಲ್ಲಿ ನೋಡಿದರೆ, ಕಾಕಾನ ಹೆಡ್‌ಫೋನ್ ಇನ್ನೂ ಅದಕ್ಕೇ ಜೋಡಿಕೊಂಡಿತ್ತು. ನನ್ನ ನೌಕರಿ ಹೋದದ್ದು ನನಗಿಂತ ಮೊದಲು ಅವರಿಗೆ ಗೊತ್ತಾಗಿತ್ತು!

"ಗಲ್ಲಾದಲ್ಲಿ ಕೂತವ ಟೇಬಲಿನ ಮಾತು ಕೇಳಿಸಿಕೊಂಡ್ರೂ ಬಾಯಿ ಬಿಡ್ಬಾರ್ದು. ಇಷ್ಟು ವರ್ಷ ನಾನು ಬಿಟ್ಟವನಲ್ಲ," ಎಂದರು ಕಾಕಾ, ಏನೋ ಕದ್ದವರ ಹಾಗೆ. "ಆದ್ರೆ ನಿನಗೇ ಕೇಳ್ಲಿಲ್ಲ ಅಂತ ಕಾಣ್ತದೆ. ಈಗ್ಲೇ ಫೋನ್ ಮಾಡು."

ಮಾಡಿದೆ. ಮತ್ತೆ ಯಾವುದಕ್ಕೆ ಯೆಸ್ ಅಂದಿ ಎಂದು ಮ್ಯಾನೇಜರ್ ಹಿಂದಿಯಲ್ಲಿ ರೇಗಿದರು. ಕಾಂದಿವಲಿಗೆ ಬರುತ್ತೇನೆ ಸರ್ ಎಂದಷ್ಟೇ ಹೇಳುತ್ತ ಹೋದೆ. ಫೋನ್ ಇಟ್ಟು "ಹೂಂ ಅಂದ್ರು" ಎಂದಾಗ ಕಾಕಾ ಆ ನೀರನ್ನು ಗಟಗಟನೆ ಕುಡಿದರು. ಇವತ್ತಿಗೂ ನಮ್ಮ ಮನೆ ನಡೆಯುತ್ತಿರುವುದು ಅದೇ ನೌಕರಿಯಲ್ಲಿ.

ಹೋದ ವರ್ಷ ಕಾಕಾ ಆಸ್ಪತ್ರೆ ಸೇರಿದರು. ಕೊನೆಕೊನೆಗೆ ಕನ್ನಡ, ಹಿಂದಿ ಎರಡೂ ಬಿಟ್ಟುಹೋಗಿ ಬರೀ ತುಳು ಉಳಿದಿತ್ತು. ನನಗೆ ತುಳು ಒಂದಕ್ಷರ ಬಾರದು. ಮಗ ಔಷಧಿ ತರಲು ಕೆಳಗೆ ಹೋಗಿದ್ದಾಗ ಅವರು ನನ್ನ ಕೈ ಹಿಡಿದು ಏನೋ ಹೇಳಿದರು. ಉದ್ದಕ್ಕೆ ಹೇಳಿದರು... ಆಮೇಲೆ ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತ ಕಾದರು. ಕಾಯಿಸಲು ಮನಸ್ಸಾಗಲಿಲ್ಲ. "ಹೂಂ ಕಾಕಾ" ಎಂದೆ. ಮತ್ತೊಂದು ಮಾತು ಕೇಳಿದರು. ಅದಕ್ಕೂ "ಹೂಂ" ಎಂದೆ. ಕೈ ಬಿಟ್ಟು ಕಣ್ಣು ಮುಚ್ಚಿದರು. ಮರುದಿನ ಅವರಿರಲಿಲ್ಲ.

ಅಪ್ಪ ಏನು ಹೇಳಿದರು ಎಂದು ಮಗ ಕೇಳಿದ. ಒಂದು ಶಬ್ದವೂ ನನಗೆ ನೆನಪಿನಿಂದ ತೆಗೆದು ಹೇಳಲಾಗಲಿಲ್ಲ. ಕಾಕಾ ಇಲ್ಲವೆಂಬ ಸಂಕಟ ಒಂದು ಕಡೆ, ಇದು ಇನ್ನೊಂದು ಕಡೆ. ಕಾಂದಿವಲಿಗೆ ಹೋಗುವ ಲೋಕಲ್ ರೈಲಿನಲ್ಲಿ ನಿಂತು ಈಗಲೂ ಯೋಚಿಸುತ್ತೇನೆ. ಕಾಕಾನಿಗೆ ನಾನು ಏನೋ ಮಾತು ಕೊಟ್ಟಿದ್ದೇನೆ. ಏನೆಂದು ಗೊತ್ತಿಲ್ಲ.