ಮೇಸ್ತ್ರಿಗೊಂದು ಮನೆ ನಂಬರು

ನನಗೆ ನಾಯಿ ಕಂಡರಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಮುಂದಿನದನ್ನು ಓದಿ ನೀವು ನನ್ನನ್ನು ದೊಡ್ಡ ಕರುಣಾಳು ಅಂದುಕೊಂಡು ಮೋಸ ಹೋಗುತ್ತೀರಿ. ನಾಯಿಯ ವಾಸನೆ ಆಗುವುದಿಲ್ಲ, ಒದ್ದೆ ಮೈ ಕೊಡವುವುದು ಆಗುವುದಿಲ್ಲ, ಉಣ್ಣುವಾಗ ಎದುರಿಗೆ ಕೂತು ನಮ್ಮ ಬಾಯನ್ನೇ ನೋಡುವುದಂತೂ ಆಗುವುದೇ ಇಲ್ಲ. ಇಂಥ ನನ್ನ ಮನೆ ನಂಬರಿನ ಮುಂದೆ, ಪೇಟೆಯ ಪಂಚಾಯ್ತಿ ಆಫೀಸಿನ ಪುಸ್ತಕದಲ್ಲಿ, ಐದು ವರ್ಷ ಒಂದು ನಾಯಿ ಇತ್ತು.

ಆಗ ಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದೆ, ಮನೆಯ ಮುಂಭಾಗದಲ್ಲೇ, ನನ್ನದೊಂದು ಹೋಟೆಲು. ಹೋಟೆಲು ಅಂದರೆ ಎರಡು ಬೆಂಚು, ಒಂದು ಒಲೆ, ಮತ್ತೆ ನಾನು. ಶೃಂಗೇರಿ ಬಸ್ಸು ತಡವಾದಷ್ಟೂ ನನಗೆ ವ್ಯಾಪಾರ. ಎದುರಿಗೆ ಬೀಗ ಜಡಿದ ಅಕ್ಕಿ ಗಿರಣಿ. ಅದರ ಜಗಲಿಯ ಮೇಲೆ ಶೇಷ ಇದ್ದ. ಕಾಫಿ ಎಸ್ಟೇಟಿನಲ್ಲಿ ಮೂಟೆ ಹೊತ್ತು ಸೊಂಟ ಹೋದವನು. ಕೆಲಸ ಹೋದ ದಿನವೇ ಕೂಲಿ ಲೈನಿನ ಮನೆಯೂ ಹೋಯಿತು. ಹೋಗದೆ ಉಳಿದದ್ದು ಒಂದು ಕಂದು ನಾಯಿ. ಅದಕ್ಕೆ ಅವನಿಟ್ಟ ಹೆಸರು ಮೇಸ್ತ್ರಿ.

“ಇದೆಂತ ಹೆಸರಾ?” ಎಂದು ಕೇಳಿದ್ದೆ.

“ಇಪ್ಪತ್ತು ವರ್ಷ ಎಸ್ಟೇಟಿನ ಮೇಸ್ತ್ರಿ ಕೂತ್ಕೋ ಅಂದ್ರೆ ಕೂತೆ, ಏಳು ಅಂದ್ರೆ ಎದ್ದೆ ಸರಸಕ್ಕ. ಇನ್ನು ನಾನು ಹೇಳ್ತೆ, ಮೇಸ್ತ್ರಿ ಕೂತ್ಕಳ್ಲಿ.”

ಮೇಸ್ತ್ರಿ ಕೂರುತ್ತಿರಲಿಲ್ಲ. ಶೇಷ ಹತ್ತು ಸಲ ಹೇಳಿದರೂ ಬಾಲ ಅಲ್ಲಾಡಿಸುತ್ತ ನಿಂತೇ ಇರುತ್ತಿತ್ತು.

ಶೇಷನಿಗೆ ಸಹಾಯ ಮಾಡುವವರಿಗೇನೂ ಬರ ಇರಲಿಲ್ಲ. ಶೃಂಗೇರಿಯ ಒಂದು ಛತ್ರದವರು ಗುಡಿಸುವ ಕೆಲಸ ಕೊಟ್ಟು ಮಲಗಲು ಮೂಲೆ ಕೊಡುತ್ತೇವೆಂದರು. ಕಮ್ಮರಡಿಯ ತೋಟದವರೊಬ್ಬರು ಕಾವಲಿಗೆ ಕರೆದರು. ಎಲ್ಲರದೂ ಒಂದೇ ಮಾತು: ನಾಯಿ ಬಿಟ್ಟು ಬಾ. ಶೇಷನದೂ ಒಂದೇ ಮಾತು: ಹಾಗಾದ್ರೆ ಬೇಡ. “ತನಗೇ ಗತಿ ಇಲ್ಲ, ನಾಯಿ ಬೇರೆ ಕೇಡು” ಎಂದು ಬೆಂಚಿನ ಮೇಲೆ ಕೂತವರು ಆಡಿಕೊಂಡರು. ಆಡಿಕೊಂಡವರ ಪೈಕಿ ನಾನೂ ಒಬ್ಬಳು, ಮುಚ್ಚಿಡುವುದೇನು? ಮನೆ ಇದ್ದವರು ಮೂರು ನಾಯಿ ಕಟ್ಟಿದರೂ ಯಾಕೆ ಎಂದು ಯಾರೂ ಕೇಳುವುದಿಲ್ಲ. ಇಲ್ಲದವನು ಒಂದನ್ನು ಇಟ್ಟುಕೊಂಡರೆ ಊರಿಗೆಲ್ಲ ಲೆಕ್ಕ ಒಪ್ಪಿಸಬೇಕು. ಇದು ನನಗೆ ಹೊಳೆದದ್ದು ಬಹಳ ತಡವಾಗಿ.

ಅಷ್ಟರಲ್ಲಿ ಹುಚ್ಚುನಾಯಿಯೊಂದು ಪೇಟೆಯಲ್ಲಿ ಇಬ್ಬರಿಗೆ ಕಚ್ಚಿತು. ಜೀಪಿಗೆ ಮೈಕು ಕಟ್ಟಿ ಸಾರಿದರು: ಸೋಮವಾರದಿಂದ ಕುತ್ತಿಗೆಯಲ್ಲಿ ಬಿಲ್ಲೆ ಇಲ್ಲದ ನಾಯಿಗಳನ್ನು ಕೊಲ್ಲಲಾಗುವುದು. ಅದು ತಪ್ಪು ಎಂದು ನಾನು ಹೇಳುವುದಿಲ್ಲ. ಕಚ್ಚಿಸಿಕೊಂಡವರು ಹೊಟ್ಟೆಗೆ ಸೂಜಿಯ ಮೇಲೆ ಸೂಜಿ ಚುಚ್ಚಿಸಿಕೊಳ್ಳುವುದನ್ನು ಕಣ್ಣಾರೆ ಕಂಡವಳು ನಾನು. ಆದರೆ ಬಿಲ್ಲೆ ಕೇಳಲು ಆಫೀಸಿಗೆ ಹೋದ ಶೇಷ ಬರಿಗೈಯಲ್ಲಿ ಬಂದ. ಮನೆ ನಂಬರು ಹೇಳಿದರೆ ಮಾತ್ರ ಬಿಲ್ಲೆಯಂತೆ.

ಈ ಮನೆ ನಂಬರು ಒಂದು ವಿಚಿತ್ರ. ನಾನು ಓದಿದ್ದು ಎರಡನೇ ಕ್ಲಾಸು, ಆದರೂ ನನ್ನ ಬಾಗಿಲು ಓದಿ ಓದಿ ಅಂಕಿ ಕಲಿತಿದ್ದೇನೆ. ಜನಗಣತಿಯವರು ಕೆಮ್ಮಣ್ಣಿನಲ್ಲಿ ಬರೆದದ್ದೊಂದು, ಮಲೇರಿಯಾದವರು ಗೋಡೆಗೆ ಬರೆದದ್ದೊಂದು, ಆಫೀಸಿನವರು ಹೊಡೆದ ತಗಡಿನದೊಂದು. ಒಂದು ಹರಕು ಮನೆಗೆ ಮೂರು ನಂಬರು! ಎದುರಿನ ಜಗಲಿಯ ಮೇಲಿನ ಜೀವಂತ ಮನುಷ್ಯನಿಗೆ ಒಂದೂ ಇಲ್ಲ.

ನಾನೇ ಹೋದೆ. ನನ್ನ ನಂಬರು ಕೊಟ್ಟು, ನನ್ನ ಹೆಸರಿಗೇ ಬರೆಸಿ, ಹಿತ್ತಾಳೆ ಬಿಲ್ಲೆ ತಂದು ಶೇಷನ ಕೈಗೆ ಹಾಕಿದೆ. ಉಪಕಾರ ಮಾಡಿದೆ ಎಂಬ ಜಂಬವೂ ಇತ್ತು.

“ಪುಸ್ತಕದಲ್ಲಿ ಯಾರ ಹೆಸರು ಬರ್ದಾರೆ?” ಎಂದ.

“ನಂದೇ. ಮತ್ಯಾರದು?”

ಬಿಲ್ಲೆಯನ್ನು ಬೆಂಚಿನ ಮೇಲಿಟ್ಟ. “ಹಾಗಾದ್ರೆ ನಾಯಿ ನಿಮ್ದಾಯ್ತು. ನಂಗೆ ಬೇಡ.”

“ಥೂ, ನಿನ್ನ ಕಜ್ಜಿ ನಾಯಿ ಯಾರಿಗೆ ಬೇಕಾ!” ಎಂದು ಬೈದೆ. ಅವನು ಜಗಲಿಗೆ ಹೋಗಿ ಕೂತ. ಮೇಸ್ತ್ರಿ ನಿಂತಿತ್ತು. ಅಂದು ಶನಿವಾರ.

ಬೈದು ಒಳಗೆ ಬಂದವಳಿಗೆ ನನ್ನದೇ ಹಳೆಯ ಕಥೆ ನೆನಪಾಯಿತು. ಗಂಡ ಸತ್ತಾಗ ಮೈದುನ ಬಂದು, “ಅತ್ತಿಗೆ, ನಿಮಗೆ ಓದು ಬರದು, ಹೋಟೆಲಿನ ಲೈಸೆನ್ಸು ನನ್ನ ಹೆಸರಲ್ಲಿ ಇರಲಿ, ಒಲೆ ನಿಮ್ಮದೇ” ಅಂದಿದ್ದ. ಕೆಟ್ಟವನಲ್ಲ, ಒಳ್ಳೆಯದಕ್ಕೇ ಅಂದದ್ದು. ಆದರೂ ಆ ಒಲೆ ನನ್ನದು ಎನ್ನುವುದಕ್ಕೆ ಒಂಬತ್ತು ವರ್ಷ ಹಿಡಿಯಿತು. ಅವನು ನನಗೆ ಮಾಡಿದ್ದನ್ನೇ ನಾನು ಶೇಷನಿಗೆ ಮಾಡಿ ಬಂದಿದ್ದೆ.

ಸೆರಗು ಸಿಕ್ಕಿಸಿಕೊಂಡು ಮತ್ತೆ ಆಫೀಸಿಗೆ ಹೋದೆ. ಗುಮಾಸ್ತ ಬಾಗಿಲು ಹಾಕುವುದರಲ್ಲಿದ್ದ. ದಿನಾ ನನ್ನಲ್ಲಿ ಚಹಾ ಕುಡಿಯುವವನೇ.

“ನಂಬರು ನಂದೇ ಇರ್ಲಿ ಮಾರಾಯ, ಹೆಸರು ಮಾತ್ರ ಶೇಷಪ್ಪ ಅಂತ ಬರಿ.”

“ಅದು ಹೇಗಾಗ್ತದೆ ಸರಸಕ್ಕ? ಅವ ನಿಮ್ಮ ಮನೇಲಿ ಇಲ್ಲಲ್ಲ.”

“ಇದ್ದಾನೆ.”

“ಎಲ್ಲಿ?”

“ಹಿತ್ತಲ ಸೌದೆ ಕೊಟ್ಟಿಗೇಲಿ.”

ಅವನು ಕನ್ನಡಕದ ಮೇಲಿಂದ ನೋಡಿದ. “ತನಿಖೆಗೆ ಬರ್ತೇನೆ, ನೋಡಿ.”

“ಬಾ” ಎಂದೆ. ಅವನು ಹಳೆಯ ಹೆಸರು ಹೊಡೆದು ಹೊಸದು ಬರೆದ.

ಆಡಿದ್ದಾಯಿತು, ಇನ್ನು ಸುಳ್ಳಾಗಬಾರದು. ಪುಸ್ತಕದಲ್ಲಿ ಈಗ ನಿನ್ನ ಹೆಸರೇ ಎಂದು ಶೇಷನಿಗೆ ಹೇಳಿ, ಭಾನುವಾರವಿಡೀ ಇಬ್ಬರೂ ಸೌದೆ ಹೊರಗೆ ಹಾಕಿದೆವು. ಸಂಜೆ ಶೇಷ ತನ್ನ ಕಂಬಳಿ ತಂದ. ಬಿಲ್ಲೆಯನ್ನು ತಾನೇ ನಾಯಿಯ ಕುತ್ತಿಗೆಗೆ ಕಟ್ಟಿ, “ತನಿಖೆ ಆಗೋವರೆಗೆ ಮಾತ್ರ ಅಕ್ಕ, ಆಮೇಲೆ ಜಗಲಿಗೆ ಹೋಗ್ತೆ” ಎಂದ. ನಾನೂ ಹೂಂ ಅಂದೆ.

ಗುಮಾಸ್ತ ತನಿಖೆಗೆ ಬರಲಿಲ್ಲ. ಚಹಾಕ್ಕೆ ದಿನಾ ಬಂದ. ಹಿತ್ತಲಿನಿಂದ “ಮೇಸ್ತ್ರಿ, ಕೂತ್ಕೋ!” ಎಂದು ಕೇಳಿಸಿದಾಗಲೆಲ್ಲ ಗೋಡೆಯ ಕ್ಯಾಲೆಂಡರನ್ನೇ ನೋಡುತ್ತ, “ಒಂದಿನ ಬರ್ಬೇಕು ಸರಸಕ್ಕ” ಎನ್ನುತ್ತಿದ್ದ. “ಬಾ ಮಾರಾಯ, ಅವಸರ ಎಂತ?” ಎನ್ನುತ್ತಿದ್ದೆ. ಬಂದು ನೋಡಿದರೆ ತನಿಖೆ ಮುಗಿಯುತ್ತದೆ, ಮುಗಿದರೆ ಶೇಷ ಜಗಲಿಗೆ ಹೋಗುತ್ತಾನೆ ಎಂಬುದು ಗುಮಾಸ್ತನಿಗೂ ಗೊತ್ತಿತ್ತೋ ಏನೋ. ಸೋಮಾರಿಯೂ ಆಗಿದ್ದ ಅನ್ನಿ. ಸೋಮಾರಿತನದಿಂದ ಊರಿಗೆ ಎಷ್ಟು ಒಳ್ಳೆಯದಾಗಿದೆ ಎಂದು ಯಾರೂ ಬರೆದಿಡುವುದಿಲ್ಲ.

ಹೀಗೆ ಐದು ವರ್ಷ. ಶೇಷ ಸೌದೆ ಒಡೆದ, ಬಾವಿಯ ಹಗ್ಗ ಹೊಸೆದ, ನನ್ನೊಡನೆ ಜಗಳವಾಡಿದ. ನಾಯಿಯನ್ನು ನಾನು ಮುಟ್ಟಲಿಲ್ಲ. ಅನ್ನ ಹಾಕಿದ್ದುಂಟು, ಎಸೆಯುವುದು ಯಾಕೆ ಅಂತ.

ಮುದಿಯಾಗಿ ಮೇಸ್ತ್ರಿ ಸತ್ತಿತು. ಹಲಸಿನ ಬುಡದಲ್ಲಿ ಹೂತು, ಕೈ ತೊಳೆದು, ಶೇಷ ಬಿಲ್ಲೆಯನ್ನು ನನ್ನ ಮುಂದಿಟ್ಟ. ಇನ್ನೊಂದು ಕೈಯಲ್ಲಿ ಮಡಚಿದ ಕಂಬಳಿ.

“ಇದನ್ನ ಆಫೀಸಿಗೆ ಕೊಟ್ಬಿಡಿ ಅಕ್ಕ. ನಾಯಿ ಇಲ್ಲ ಅಂದ್ಮೇಲೆ ನಂದೆಂತ ಇಲ್ಲಿ? ನಾ ಬತ್ತೆ.”

“ತನಿಖೆ ಆಗಿಲ್ಲ” ಎಂದೆ. “ಆಗೋವರೆಗೆ ಅಂದವನು ನೀನೇ. ಗುಮಾಸ್ತ ನಾಳೆ ಬಂದು ಕೊಟ್ಟಿಗೇಲಿ ಯಾರೂ ಇಲ್ಲ ಅಂದ್ರೆ ನಾನು ಸುಳ್ಳಿ ಆಗ್ಬೇಕಾ? ಸುಮ್ನೆ ಕೂತ್ಕೋ.”

ಹೇಳಿದ ಕೂಡಲೇ ಕೂತುಬಿಟ್ಟ. ಆ ನಾಯಿ ಒಂದು ದಿನವೂ ಹಾಗೆ ಕೂತದ್ದಿಲ್ಲ.