ಬಾಯಿ ನನ್ನದು, ದನಿ ಬೇರೆಯವರದು

ಆ ಮಾವಿನಕಾಯಿಗಳನ್ನು ಮರಕ್ಕೆ ಕಪ್ಪು ದಾರದಿಂದ ಕಟ್ಟಿದ್ದರು. ದೂರಕ್ಕೆ ದಾರ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಕಾಯಿಯ ತುದಿ. ಗಿಣಿಯ ಕೊಕ್ಕಿನಂತೆ ಬಾಗಿದ ತೋತಾಪುರಿ, ಅದೂ ಬಾದಾಮಿ ತಳಿಯ ಮಾವಿನ ಮರದ ಕೊಂಬೆಯಲ್ಲಿ.

ಶ್ರೀನಿವಾಸಪುರದಲ್ಲಿ ಇಂಥ ತಪ್ಪು ಮಕ್ಕಳ ಕಣ್ಣಿಗೂ ಬೀಳುತ್ತದೆ. ನನಗೆ ಆಗ ಎಂಟು ವರ್ಷ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸಿನಿಮಾದವರು ಫಸಲು ಮುಗಿದ ಮೇಲೆ ಬಂದಿದ್ದರು. ತೋಪಿನ ತುಂಬ ಹಣ್ಣು ಬೇಕಾಗಿದ್ದರಿಂದ ಮಂಡಿಯಲ್ಲಿ ಕೊನೆಗೆ ಉಳಿದಿದ್ದನ್ನೇ ತಂದು ಕಟ್ಟಿಸಿದ್ದರು. ನಮ್ಮಪ್ಪ ಬಸ್ ನಿಲ್ದಾಣದ ಹತ್ತಿರ ಟೈಲರ್ ಅಂಗಡಿ ಇಟ್ಟಿದ್ದರು. ನಟರ ಬಟ್ಟೆಗಳನ್ನು ಅಳತೆಗೆ ಸರಿಮಾಡಿಕೊಡಲು ಅವರನ್ನು ಕರೆಸಿದ್ದರು. ಅಮ್ಮ ಮತ್ತು ನಾನು ಊಟದ ಕ್ಯಾರಿಯರ್ ಹಿಡಿದು ಹೋಗಿದ್ದೆವು. ದಪ್ಪ ಕನ್ನಡಕದ ನಿರ್ದೇಶಕರು ಮರದ ಕೆಳಗೇ ಕುರ್ಚಿ ಹಾಕಿಕೊಂಡಿದ್ದರು. ನಾನು ಅಪ್ಪನಿಗೆ ಹೇಳಿದ್ದು ಅವರಿಗೂ ಕೇಳಿಸಿತು.

“ಅದು ಆ ಮರದ ಕಾಯಲ್ಲ.”

ಅವರು ನನ್ನನ್ನು ಕರೆದು ಮತ್ತೆ ಹೇಳಿಸಿದರು. ಹೇಳಿದೆ. ಯಾವ ಕಾಯಿ ಯಾವ ಮರದ್ದೆಂದೂ ಹೇಳಿದೆ. ಅವರು ನಗಲಿಲ್ಲ. ಕಟ್ಟಿದ್ದನ್ನೆಲ್ಲ ಬಿಚ್ಚಿಸಿ ತೋತಾಪುರಿ ಮರಕ್ಕೆ ಕಟ್ಟಿಸಿ, ಆ ಕಡೆಗೆ ಕ್ಯಾಮೆರಾ ಸಾಗಿಸಿದರು. ಮಧ್ಯಾಹ್ನ ಅಪ್ಪನ ಹತ್ತಿರ ಬಂದು, ತೋಪು ಕಾಯುವವನ ಮಗಳ ಪಾತ್ರಕ್ಕೆ ಈ ಹುಡುಗಿಯೇ ಇರಲಿ ಎಂದರು. ನಾನು ನಟಿಯಾದದ್ದು ಹೀಗೆ.

ಸಿನಿಮಾ ತೆಗೆಯುವಾಗ ಅಷ್ಟೊಂದು ಗಲಾಟೆ ಇರುತ್ತದೆಂದು ನಮಗೆ ಗೊತ್ತಿರಲಿಲ್ಲ. ಕ್ಯಾಮೆರಾ ಗಿರಗಿರ ಎನ್ನುತ್ತಿತ್ತು. ಅದು ಓಡುತ್ತಿರುವಾಗಲೇ ನಿರ್ದೇಶಕರು ಈ ಕಡೆ ತಿರುಗು, ಮೇಕೆ ನೋಡು, ಈಗ ಅಳು ಎಂದು ಕೂಗುತ್ತಿದ್ದರು. ಮಾತುಗಳನ್ನು ಒಬ್ಬರು ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಹೇಳಿಕೊಡಬೇಕು, ನಾವು ಕೇಳಿಸಿಕೊಂಡು ಹೇಳಬೇಕು. ಎರಡನೆಯ ದಿನದಿಂದ ಆ ಕೆಲಸವನ್ನು ಅಮ್ಮನೇ ವಹಿಸಿಕೊಂಡರು. ಅವರು ಹೇಳಿದರೆ ನಾನು ಬೇಗ ಹಿಡಿಯುತ್ತಿದ್ದೆ. ದನಿಯನ್ನೆಲ್ಲ ಆಮೇಲೆ ಮದರಾಸಿನಲ್ಲಿ ಸೇರಿಸುತ್ತಾರೆಂದು ಯಾರೋ ಹೇಳಿದ್ದರು. ನನ್ನನ್ನು ಮದರಾಸಿಗೆ ಕರೆಸುತ್ತಾರೆಂದು ನಾವು ತಿಳಿದೆವು. ಅಪ್ಪ ಹೊಸ ಫ್ರಾಕನ್ನೂ ಹೊಲಿದಿಟ್ಟರು. ಯಾರೂ ಕರೆಯಲಿಲ್ಲ.

ಸಿನಿಮಾ ಊರಿಗೆ ಬಂದಾಗ ನಮ್ಮ ಬೀದಿಗೆ ಬೀದಿಯೇ ಟಾಕೀಸಿಗೆ ಹೋಯಿತು. ತೆರೆಯ ಮೇಲೆ ನನ್ನ ಮುಖ ಟಾಕೀಸಿನ ಗೋಡೆಯಷ್ಟು ದೊಡ್ಡದಾಗಿ ಬಂದಾಗ ಶಿಳ್ಳೆಯೂ ಬಿತ್ತು. ನಾನು ಬಾಯಿ ತೆರೆದೆ. ಬಂದದ್ದು ನನ್ನ ದನಿಯಲ್ಲ. ತೆಳ್ಳಗೆ, ಸಿಹಿಯಾಗಿ, ಪ್ರತಿ ಮಾತಿನ ಕೊನೆಯನ್ನೂ ಎಳೆದು ಹೇಳುವ ಯಾವುದೋ ದನಿ. ಮಕ್ಕಳ ಮಾತನ್ನೆಲ್ಲ ಮದರಾಸಿನಲ್ಲಿ ದೊಡ್ಡ ಹೆಂಗಸೊಬ್ಬರು ಹೇಳುತ್ತಾರೆಂದು ಆಮೇಲೆ ತಿಳಿಯಿತು.

ಎದುರುಮನೆಯ ಬಳೆ ಅಂಗಡಿಯ ಖಾಲಮ್ಮ ಅಮ್ಮನ ಪಕ್ಕದಲ್ಲೇ ಕೂತಿದ್ದರು. “ಯಾರೇ ಇದು, ನಿನ್ ಮಗ್ಳ ಹೊಟ್ಟೇಲಿ ಕೂತ್ಕೊಂಡು ಮಾತಾಡ್ತಾ ಇರೋದು?” ಎಂದರು. ಸುತ್ತಲಿನವರೆಲ್ಲ ನಕ್ಕರು. ಅಮ್ಮ ನಗಲಿಲ್ಲ.

ಶಾಲೆಯಲ್ಲಿ ಅದು ಬಹಳ ದಿನ ನಡೆಯಿತು. ನಾನು ಉತ್ತರ ಹೇಳಲು ಎದ್ದರೆ ಹಿಂದಿನ ಬೆಂಚಿನವರು, ತಡೀರಿ ಸಾರ್, ಮದರಾಸಿನವರು ಇನ್ನೂ ಬಂದಿಲ್ಲ ಎನ್ನುತ್ತಿದ್ದರು. ಮರುವರ್ಷ ಮಾಲೂರಿನ ಹೆಂಚಿನ ಕಾರ್ಖಾನೆಯೊಂದರಲ್ಲಿ ಎರಡನೆಯ ಸಿನಿಮಾ ಆಯಿತು. ಅದರಲ್ಲೂ ಅದೇ ದನಿ. ಈ ಸಲ ಅಪ್ಪ ಆ ಸಿನಿಮಾ ಕಂಪೆನಿಯ ಮ್ಯಾನೇಜರನ್ನು ಕೇಳಿಯೇ ಬಿಟ್ಟರು. ಮುಖ ಚೆನ್ನಾಗಿದೆ, ಮಾತಿನಲ್ಲಿ ತೆಲುಗಿನ ರಾಗ ಇದೆ, ಮೈಸೂರು ಕಡೆಯವರು ನಗುತ್ತಾರೆ ಎಂದು ಅವರು ಬೇಸರವಿಲ್ಲದೆ ವಿವರಿಸಿದರು. ಮನೆಯಲ್ಲಿ ನಾವು ಒಂದು ಮಾತು ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸುವವರು. ಅದು ತಪ್ಪೆಂದು ಅಲ್ಲಿಯವರೆಗೆ ಯಾರೂ ನಮಗೆ ಹೇಳಿರಲಿಲ್ಲ.

ತೆರೆಯ ಮೇಲೆ ಸಲ್ಲುವ ದನಿ ಅದೊಂದೇ ಎಂದು ನಾನು ತೀರ್ಮಾನಿಸಿದೆ. ಹಿತ್ತಲಿನಲ್ಲಿ ಕೂತು ಆ ಹೆಂಗಸಿನ ಹಾಗೆ ಮಾತಾಡುವುದನ್ನು ಕಲಿತೆ. ತೆಳ್ಳಗೆ, ಎಳೆದು, ಎಳೆದು. ಚೆನ್ನಾಗಿ ಬಂದಿತು. ಅಮ್ಮನೂ ಮೆಚ್ಚಿಕೊಂಡರು. ಮುಂದಿನ ಸಲ ಯಾರಾದರೂ ಕರೆದರೆ ಈ ದನಿಯನ್ನು ಕೇಳಿಸಿ ನನ್ನ ಮಾತು ನಾನೇ ಹೇಳುತ್ತೇನೆ ಎನ್ನಬೇಕು, ಅಷ್ಟೇ ನನ್ನ ಆಸೆ.

ಆಮೇಲೆ ಕರೆದವರು ಸಿನಿಮಾದವರಲ್ಲ. ಬೆಂಗಳೂರಿನಿಂದ ಟೀವಿಯವರು ನಾಟಕವೊಂದನ್ನು ಚಿತ್ರೀಕರಿಸಲು ಮುಳಬಾಗಿಲಿನ ಆಚೆ ಬೈರಕೂರಿಗೆ ಬಂದರು. ನನಗೆ ಆಗ ಹನ್ನೆರಡು. ಕಣ್ಣು ಕಾಣದ ಅಜ್ಜಿಯೊಬ್ಬಳು ದಿನವೂ ಹಸುವನ್ನು ವಿಚಾರಿಸುತ್ತಾಳೆ. ಹಸು ಸತ್ತುಹೋಗಿದೆ ಎಂದು ಮೊಮ್ಮಗಳು ಹೇಳಬೇಕು. ಮೊಮ್ಮಗಳು ನಾನು. ಅಜ್ಜಿಯ ಪಾತ್ರಕ್ಕೆ ರಂಗಭೂಮಿಯ ಹಿರಿಯರೊಬ್ಬರು ಬಂದಿದ್ದರು.

ರೈತರೊಬ್ಬರ ಮನೆಯ ಪಡಸಾಲೆಯಲ್ಲಿ ಕ್ಯಾಮೆರಾ ಇಟ್ಟರು. ಶುರು ಎಂದರು. ಅಮ್ಮ ಎಂದಿನಂತೆ ಪಕ್ಕದಲ್ಲಿ ನಿಂತು ನನ್ನ ಮೊದಲ ಮಾತನ್ನು ಗಟ್ಟಿಯಾಗಿ ಹೇಳಿದರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೂಲೆಯಲ್ಲಿ ಕೂತಿದ್ದ ಸೌಂಡಿನವರು ಕೈ ಎತ್ತಿದರು. ಎಲ್ಲವೂ ನಿಂತಿತು. ಅವರು ಮರ್ಯಾದೆಯಿಂದಲೇ ಹೇಳಿದರು: ಇಲ್ಲಿ ಮಾತೂ ಚಿತ್ರವೂ ಒಟ್ಟಿಗೆ ದಾಖಲಾಗುತ್ತವೆ, ಯಾರೂ ಹೇಳಿಕೊಡುವ ಹಾಗಿಲ್ಲ. ಅಮ್ಮನ ಮುಖ ಕೆಂಪಾಯಿತು. ಸೆರಗು ಸರಿಮಾಡಿಕೊಂಡು ಅಂಗಳಕ್ಕೆ ಹೋಗಿ ನಿಂತರು.

ಮತ್ತೆ ಶುರುವಾಯಿತು. ನಾನು ಹಿತ್ತಲಿನಲ್ಲಿ ಕಲಿತ ದನಿಯನ್ನು ತೆಗೆದೆ. ಅಜ್ಜಿಯ ಪಾತ್ರದವರು ತಮ್ಮ ಮಾತು ಮರೆತು ನನ್ನ ಕಡೆ ತಿರುಗಿದರು. ನಿರ್ದೇಶಕರು ಇನ್ನೂ ಒಂದೆರಡು ಸಲ ಮಾಡಿಸಿದರು. ನಾನು ಇನ್ನಷ್ಟು ಎಳೆದೆ. ಆಮೇಲೆ ಅವರು ಸಹಾಯಕನನ್ನು ಕರೆದು, ಬೆಂಗಳೂರಿನಲ್ಲಿ ನೋಡಿದ್ದ ಆ ಇನ್ನೊಂದು ಹುಡುಗಿಯನ್ನು ಕರೆಸಲು ಆಗುತ್ತದೆಯೇ ಎಂದು ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಅಷ್ಟು ನಿಶ್ಶಬ್ದದ ಮನೆ ಅದು.

ಊಟಕ್ಕೆ ಬಿಟ್ಟಾಗ ನಾನು ತಟ್ಟೆ ಮುಟ್ಟಲಿಲ್ಲ. ಅಮ್ಮ ಬಂದು ಪಕ್ಕದಲ್ಲಿ ಕೂತು, “ಏಮೇ, ಅಳ್ಬೇಡ ಕಣೇ. ಹೋಗೋಣ ಬಾ, ಊರಿಗೆ ಬಸ್ಸಿದೆ” ಎಂದರು. ನಾನು ಅಳುತ್ತಿರಲಿಲ್ಲ. ಎದ್ದು ಹೋಗಿ ನಿರ್ದೇಶಕರ ಮುಂದೆ ನಿಂತೆ. ಅಂಥ ಧೈರ್ಯ ನನ್ನ ಸ್ವಭಾವದಲ್ಲಿಲ್ಲ, ಈಗಲೂ ಇಲ್ಲ.

“ಸಾರ್, ಇದಕ್ಕೆ ಆಮೇಲೆ ಯಾರು ದನಿ ಕೊಡ್ತಾರೆ?”

“ಯಾರೂ ಕೊಡಲ್ಲ. ನೀನು ಹೇಳಿದ್ದೇ.”

“ನನ್ ಮಾತಲ್ಲಿ ತೆಲುಗು ಬರ್ತದೆ.”

ಅವರು ಮಜ್ಜಿಗೆಯ ಲೋಟ ಕೆಳಗಿಟ್ಟರು. “ಈ ಮನೆ ಹುಡುಗಿ ಮಾತಲ್ಲಿ ಬರಲ್ವಾ? ಈಗ ಹೆಂಗೆ ಕೇಳ್ದೆಯೋ ಹಂಗೇ ಹೇಳು, ಸಾಕು.”

ಮಧ್ಯಾಹ್ನ ಕ್ಯಾಮೆರಾದ ಮುಂದೆ ಕೂತಾಗ ನನಗೆ ಹೆದರಿಕೆಯಾದದ್ದು ನಿಶ್ಶಬ್ದಕ್ಕೆ. ಕೂಗುವವರಿಲ್ಲ, ಹೇಳಿಕೊಡುವವರಿಲ್ಲ. ಹೊರಗೆ ಕೋಳಿಯೊಂದು ಕೆದರುವ ಸದ್ದು. ಅಂಗಳದಲ್ಲಿ ಅಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಅಜ್ಜಿ ಹಸುವಿನ ಬಗ್ಗೆ ಕೇಳಿದರು. ನಾನು ಅವರ ಮೊಣಕಾಲಿನ ಮೇಲೆ ಕೈಯಿಟ್ಟು, ನಮ್ಮ ತೆಲುಗಿನಲ್ಲಿ ಅಜ್ಜಿಯನ್ನು ಕರೆಯುವ ಹಾಗೆಯೇ, “ಅವ್ವಾ, ಹಸು ಇಲ್ಲ ಕಣವ್ವಾ. ಮೊನ್ನೇನೇ ಹೋಯ್ತು” ಎಂದೆ. ನನ್ನ ದನಿ ಒರಟಾಗಿತ್ತು, ಸ್ವಲ್ಪ ದಪ್ಪಗಿತ್ತು. ಅಜ್ಜಿ ನನ್ನ ಮುಖಕ್ಕೆ ಕೈ ಚಾಚಿ ಕೆನ್ನೆ ಸವರಿದರು. ಅದು ಬರೆದದ್ದರಲ್ಲಿ ಇರಲಿಲ್ಲ.

ಸೌಂಡಿನವರು ಈ ಸಲ ಕೈ ಎತ್ತಲಿಲ್ಲ. ಮುಗಿದ ಮೇಲೆ ಅಮ್ಮನನ್ನು ಒಳಗೆ ಕರೆದು ತಮ್ಮ ಹೆಡ್‌ಫೋನನ್ನು ಅವರ ಕಿವಿಗೆ ಇಟ್ಟರು, ದಾಖಲಾಗಿದ್ದನ್ನು ಕೇಳಿಸಿದರು. ಅಮ್ಮ ಕಣ್ಣು ಮುಚ್ಚಿಕೊಂಡು ಕೇಳಿದರು. ಕಿವಿ ಮುಚ್ಚಿದ್ದರಿಂದ ತಾವು ಎಷ್ಟು ಗಟ್ಟಿಯಾಗಿ ಮಾತಾಡುತ್ತಿದ್ದೇವೆಂದು ಅವರಿಗೆ ಗೊತ್ತಾಗಲಿಲ್ಲ. “ಇದು ನಮ್ಮ ಹುಡುಗೀದೇ” ಎಂದದ್ದು ಬೀದಿಯವರೆಗೂ ಕೇಳಿಸಿತು.

ಆ ಬೇಸಿಗೆಯಲ್ಲಿ ನಾಟಕ ಪ್ರಸಾರವಾಯಿತು. ನಮ್ಮ ಬೀದಿಯಲ್ಲಿ ಟೀವಿ ಇದ್ದದ್ದು ಖಾಲಮ್ಮನ ಮನೆಯಲ್ಲಿ ಮಾತ್ರ. ಬಳೆಯ ಪೆಟ್ಟಿಗೆಗಳನ್ನೆಲ್ಲ ಗೋಡೆಗೆ ಸರಿಸಿ ಚಾಪೆ ಹಾಸಿದ್ದರು. ಆಂಟೆನಾ ತಿರುಗಿಸಲು ಅಪ್ಪನೇ ಮಾಳಿಗೆ ಹತ್ತಿದರು, ಅಲ್ಲಿಂದಲೇ ಕಾಣುತ್ತಾ ಎಂದು ಕೇಳುತ್ತಿದ್ದರು. ಚಿತ್ರ ಪೂರ್ತಿ ನಿಲ್ಲಲಿಲ್ಲ, ಚುಕ್ಕೆ ಚುಕ್ಕೆಯಾಗಿ ಜಾರುತ್ತಿತ್ತು. ದನಿ ಮಾತ್ರ ಸ್ಪಷ್ಟವಾಗಿತ್ತು. ನಾನು ಹಸುವಿನ ಮಾತು ಹೇಳಿದಾಗ ಚಾಪೆಯ ಮೇಲಿದ್ದವರು ಟೀವಿಯ ಕಡೆಗೆ ಬಾಗಿದರು. ನಾನು ಹಿಂದೆ ಬಾಗಿಲ ಪಕ್ಕ ನಿಂತಿದ್ದೆ. ಎಲ್ಲರ ಬೆನ್ನು ಕಾಣುವಂತೆ ನಿಲ್ಲುವುದು ನನಗೆ ಇಷ್ಟ.

ಖಾಲಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಹಿಂತಿರುಗಿದರು. “ಬೇಟೀ, ಇವತ್ತು ಬಂದ್ಯಲ್ಲ ನೀನು” ಎಂದರು.

ನನ್ನ ಬಗ್ಗೆ ಪತ್ರಿಕೆಯಲ್ಲಿ ಏನೂ ಬರಲಿಲ್ಲ. ಮುಂದೆ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಜೊತೆಗಿದ್ದವರಿಗೂ ನಾನು ಇದನ್ನು ಹೇಳಿರಲಿಲ್ಲ. ಆದರೆ ಆ ಸಂಜೆ ಮಾಳಿಗೆಯಿಂದ ಇಳಿದು ಬಂದ ಅಪ್ಪ ಏನನ್ನೂ ನೋಡಿರಲಿಲ್ಲ, ಕಿಟಕಿಯಿಂದ ಮೇಲಕ್ಕೆ ಬಂದ ದನಿಯನ್ನು ಬರೀ ಕೇಳಿಸಿಕೊಂಡಿದ್ದರು. ಅದೇ ಸಾಕಾಯಿತು ಎಂದರು. ಅಂಥ ಹೆಮ್ಮೆ ನನಗೆ ಮತ್ತೆ ಯಾವ ಪರೀಕ್ಷೆಯಲ್ಲೂ, ಯಾವ ಪದವಿಯಲ್ಲೂ ಸಿಕ್ಕಿಲ್ಲ.

ಮಾಲೂರಿನ ಸಿನಿಮಾ ಮಾಡಿದ್ದ ಕಂಪೆನಿಯವರು ಆ ವಾರವೇ ಹೇಳಿಕಳುಹಿಸಿದ್ದರು. ಕೋಲಾರದ ಬೆಟ್ಟದಲ್ಲಿ ಹೊಸ ಚಿತ್ರ, ಹುಡುಗಿಯನ್ನು ಕಳುಹಿಸುತ್ತೀರಾ, ಫೋನ್ ಮಾಡಿ ತಿಳಿಸಿ ಎಂದು. ಅಪ್ಪ ಒಪ್ಪಿಗೆ ಹೇಳುವುದೆಂದು ಮನೆಯಲ್ಲಿ ಮಾತಾಗಿತ್ತು.

ನಾಟಕ ಪ್ರಸಾರವಾದ ಮರುದಿನ ಬೆಳಗ್ಗೆ ನಾನೂ ಅಪ್ಪನ ಜೊತೆ ಪೋಸ್ಟಾಫೀಸಿಗೆ ಹೋದೆ. ಮದರಾಸಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಬೆಂಚಿನ ಮೇಲೆ ಕಾದೆವು. ಗಂಟೆ ಹೊಡೆದಾಗ ಅಪ್ಪ ರಿಸೀವರ್ ಎತ್ತಿ, ನಮಸ್ಕಾರ ಹೇಳಿ, ಒಂದು ಗಳಿಗೆ ನನ್ನ ಮುಖ ನೋಡಿ, ಅದನ್ನು ನನ್ನ ಕೈಗೆ ಕೊಟ್ಟರು. ಆ ಕಡೆ ಮ್ಯಾನೇಜರು ಹಲೋ ಹಲೋ ಎನ್ನುತ್ತಿದ್ದರು. ನಾನು ಯಾರೆಂದು ಹೇಳಿದೆ. ಬರ್ತೀನಿ ಸಾರ್, ನನ್ ಮಾತು ನಾನೇ ಹೇಳೋದಾದ್ರೆ ಬರ್ತೀನಿ, ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೊಳ್ಳಿ ಎಂದೆ. ಲೈನು ಕರಕರ ಎನ್ನುತ್ತಿದ್ದರಿಂದ ಅದನ್ನು ಇನ್ನೊಂದು ಸಲ ಗಟ್ಟಿಯಾಗಿ ಹೇಳಬೇಕಾಯಿತು. ಹೇಳಿದೆ. ಅವರ ಉತ್ತರವನ್ನು ಕೇಳಿಸಿಕೊಳ್ಳಲು ರಿಸೀವರನ್ನು ಅಪ್ಪನಿಗೆ ಹಿಂದಿರುಗಿಸಿ, ಮೆಟ್ಟಿಲಿಳಿದು ಹೊರಗೆ ಬಂದೆ.