ಗಿಡ್ಡಮ್ಮನ ಹಲ್ಲೂ ಬಿಳಿಚೋಡಿನ ಮೆಕ್ಕೆಜೋಳವೂ

ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಪದಗಳೂ ಹೆಚ್ಚು ಗೊತ್ತಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಕತೆಯನ್ನು ಮಾತ್ರ ಗಿಡ್ಡಮ್ಮನ ಬಾಯಲ್ಲೇ ಎರಡು ಸಲ ಕೇಳಿ ಬರೆದಿದ್ದೇನೆ.

ಬಿಳಿಚೋಡಿನಲ್ಲಿ ಮೆಕ್ಕೆಜೋಳ ಒಣಗಿದೆಯೋ ಇಲ್ಲವೋ ಎಂದು ಹೇಳುವುದು ಗಿಡ್ಡಮ್ಮನ ಹಲ್ಲು. ಕಾಳನ್ನು ಬಲದವಡೆಗೆ ಇಟ್ಟು ಕಚ್ಚಿದಾಗ ‘ಕಟ್’ ಎಂದರೆ ಚೀಲ ತುಂಬಬಹುದು, ‘ಪಿಚ್’ ಎಂದರೆ ಇನ್ನೂ ಬಿಸಿಲಿಗೆ ಹರಡಬೇಕು. ವ್ಯಾಪಾರಿಯ ಬಳಿ ತೇವ ನೋಡುವ ಮಷೀನಿದ್ದರೂ ಊರಿನವರಿಗೆ ಆ ‘ಕಟ್’ ಕೇಳದೆ ಸಮಾಧಾನವಿಲ್ಲ.

ಆ ಹಲ್ಲು ಹುಟ್ಟಿದ್ದಲ್ಲ, ಹಾಕಿಸಿದ್ದು. ಒಂಬತ್ತು ವರ್ಷದ ಹಿಂದೆ ಜಗಳೂರಿನ ಹಲ್ಲಿನ ಡಾಕ್ಟರು ಸುಧಾ ಎಕ್ಸ್‌ರೇ ನೋಡಿ, “ಅಜ್ಜಿ, ದವಡೆ ಮೂಳೆ ಸವೆದಿದೆ. ಹಲ್ಲಿನ ಬೇರಿಗೆ ಬದಲು ಉದ್ದನೆ ಸ್ಕ್ರೂ ಕೂರಿಸಿದ್ರೆ ಕೆಳಗಿನ ನರಕ್ಕೆ ತಾಗುತ್ತೆ. ನಿಮಗೆ ಗಿಡ್ಡದೇ ಹಾಕ್ತೀನಿ” ಎಂದಿದ್ದರು.

ಗಿಡ್ಡಮ್ಮ ಕುರ್ಚಿಯಿಂದ ಎದ್ದೇಬಿಟ್ಟಿದ್ದಳು. “ನಾನು ಗಿಡ್ಡ ಅಂತ ಹಲ್ಲೂ ಗಿಡ್ಡ ಹಾಕ್ತೀಯೇನವ್ವಾ? ಬಸ್ಸಾಗೆ ನಂಗೇನು ಅರ್ಧ ಟಿಕೆಟ್ ಕೊಡ್ತಾರಾ?”

ಕೊನೆಗೆ ಗಿಡ್ಡದೇ ಕೂತಿತು. ಬಾಗಿಲಿಗೆಲ್ಲ ತಲೆ ಬಗ್ಗಿಸಿ ಬರುವಷ್ಟು ಎತ್ತರದ ಓರಗಿತ್ತಿ ಬೊಮ್ಮಕ್ಕ ಅಂದೇ ಷರಾ ಬರೆದಿದ್ದಳು: “ಗಿಡ್ಡ ಮೊಳೆಗೆ ಕ್ಯಾಲೆಂಡರ್ರೇ ನಿಲ್ಲಲ್ಲ. ಇದು ಎರಡು ಮಳೆಗಾಲ ಕಾಣಲ್ಲ ಬಿಡೇ.”

ಹಲ್ಲು ಒಂಬತ್ತು ಮಳೆಗಾಲ ಕಂಡಿತು. ಪ್ರತಿ ಸುಗ್ಗಿಯಲ್ಲೂ ಗಿಡ್ಡಮ್ಮ ಬೊಮ್ಮಕ್ಕನ ಜಗಲಿ ಕಡೆ ಮುಖ ಮಾಡಿಯೇ ಕಾಳು ಕಚ್ಚುತ್ತಿದ್ದಳು.

ಈ ಸಲ ಪಕ್ಕದ ಮನೆ ಚಿತ್ತಪ್ಪ ತಂದ ಕಾಳು ‘ಕಟ್’ ಎನ್ನಲಿಲ್ಲ, ‘ಕಟಕ್’ ಎಂದಿತು. ಹಲ್ಲು ಅಲುಗಿತ್ತು. ಗಿಡ್ಡಮ್ಮ ತಟ್ಟನೆ ಬಾಯಿ ಮುಚ್ಚಿದಳು. ಜಗಲಿ ಮೇಲೆ ಬೊಮ್ಮಕ್ಕ ಕಿವಿ ನಿಮಿರಿಸಿ ಕೂತಿದ್ದಳು.

“ಏನಂತೈತೆ ಅತ್ತೇ?” ಎಂದ ಚಿತ್ತಪ್ಪ.

“ಹಸಿ ಐತೆ. ಒಣಗಾಕೆ ಹಾಕು.”

“ಹಸೀನಾ? ಬೀಸಿ ಹೊಡೆದ್ರೆ ತಲೆ ಒಡಿತೈತೆ!”

“ಹಲ್ಲು ನಂದಾ, ನಿಂದಾ?”

ಅಲ್ಲಿಂದ ಮುಂದೆ ಬಂದವರಿಗೆಲ್ಲ ಅದೇ ತೀರ್ಪು. ಹಲ್ಲು ಅಲುಗಿದಷ್ಟೂ ಊರಿನ ಜೋಳ ಹಸಿಯಾಯಿತು. ಕಣ ಸಾಲದೆ ರಸ್ತೆಗೆ ಬಂತು. ಕೋಳಿಗಳು ತಿಂದು ತಿಂದು ನಡೆಯಲಾರದೆ ಕೂತವು.

ಹಲ್ಲು ಕೈಗೇ ಬಂದೀತೆಂಬ ದಿಗಿಲಿಗೆ ಗಿಡ್ಡಮ್ಮ ಒಂದು ಬೆಳಿಗ್ಗೆ ಸಂತೆಯ ನೆಪ ಹೇಳಿ ಜಗಳೂರಿನ ಬಸ್ಸು ಹತ್ತಿದಳು. ಬಸ್ಸು ಊರೇ ದಾಟಲಿಲ್ಲ. ಮುಂದೆಲ್ಲ ಜೋಳ.

ಕಂಡಕ್ಟರ್ ಇಳಿದು ಕೂಗಿದ: “ಯಾರ್ರೀ ಇದನ್ನ ಹಸಿ ಅಂದಿದ್ದು? ಗೋಲಿ ಥರ ಉರುಳ್ತೈತೆ, ಚಕ್ರ ಜಾರ್ತೈತೆ!”

ಗಿಡ್ಡಮ್ಮ ಸೀಟಿನಲ್ಲಿ ಇನ್ನಷ್ಟು ಗಿಡ್ಡಳಾದಳು. ಆಮೇಲೆ ಪ್ರಯಾಣಿಕರೇ ಇಳಿದು ದಾರಿ ಗುಡಿಸಿದರು. ಅವಳೂ ಒಂದು ಪೊರಕೆ ಹಿಡಿದಳು.

“ಕಿತ್ತುಬಿಡ್ತೀಯೇನವ್ವಾ?” ಎಂದು ಕೇಳಿ ಜಗಳೂರಿನಲ್ಲಿ ಡಾಕ್ಟರ ಮುಂದೆ ಬಾಯಿ ತೆರೆದಳು.

ಸುಧಾ ಎಕ್ಸ್‌ರೇ ತೆಗೆದು ನಕ್ಕರು. “ಮೂಳೆಯೊಳಗಿನ ಗಿಡ್ಡ ಸ್ಕ್ರೂ ಬಂಡೆ ಇದ್ದಂಗಿದೆ. ಮೇಲಿನ ಟೋಪಿ, ಅಂದ್ರೆ ನೀವು ಕಚ್ಚೋ ಹಲ್ಲು, ಅದು ಮಾತ್ರ ಸಡಿಲ ಆಗಿದೆ, ಬಿಗಿ ಮಾಡ್ತೀನಿ. ಆದ್ರೆ ಹೊಟ್ಟು ಸಿಕ್ಕೊಂಡು ವಸಡು ಊದಿದೆ. ಹಿಂಗೇ ಬಿಟ್ರೆ ಮೂಳೆ ಕರಗಿ ಬೇರೂ ಅಲುಗುತ್ತೆ. ದಿನಾ ಸಂದಿ ತಿಕ್ಕಿ, ಆರು ತಿಂಗಳಿಗೊಮ್ಮೆ ಬನ್ನಿ. ಜೋಳ ಕಚ್ಚೋದು ಬಂದ್.”

“ಕಚ್ಚದಿದ್ರೆ ಊರಾಗೆ ನನ್ನನ್ಯಾರು ಕೇಳ್ತಾರೆ?”

“ಕಚ್ಚಿದ್ರೆ ಮುಂದಿನ ಸಲ ಕೀಳ್ತೀನಿ.”

ಮರಳಿ ಬರುವಾಗ ಬಸ್ಸು ಮತ್ತೆ ರಸ್ತೆಗೆ ಹರಡಿದ್ದ ಅದೇ ಜೋಳಕ್ಕೆ ನಿಂತಿತು. ಗಿಡ್ಡಮ್ಮ ಇಳಿದು ಸೊಂಟಕ್ಕೆ ಸೆರಗು ಸಿಕ್ಕಿಸಿದಳು. “ಎತ್ರಪ್ಪಾ ಎಲ್ಲಾ! ಒಣಗಿ ಎಷ್ಟೋ ದಿನ ಆತು. ಸಡಿಲ ಆಗಿದ್ದು ನನ್ನ ಹಲ್ಲಿನ ಟೋಪಿ!”

ಚಿತ್ತಪ್ಪ ಜೋಳದ ಮೇಲೇ ಕುಕ್ಕರಿಸಿದ. “ಅತ್ತೇ, ಆ ಟೋಪೀನ ಇಡೀ ಊರಿಗೇ ಹಾಕಿದೆಯಲ್ಲ!”

ನಗು ಎದ್ದಿತು. ಬೊಮ್ಮಕ್ಕ ಮಾತ್ರ ನಗಲಿಲ್ಲ. ಸೊಂಟ ಬಗ್ಗಿಸಿ ಗಿಡ್ಡಮ್ಮನ ಬಾಯೊಳಗೆ ಇಣುಕಿದಳು.

“ಬೇರು ಗಟ್ಟಿ ಐತಂತಾ?”

“ಬಂಡೆ ಇದ್ದಂಗೈತಂತೆ ಅಕ್ಕಾ.”

ಬೊಮ್ಮಕ್ಕ ಸೆರಗಿನ ಮರೆಯಲ್ಲಿ ತನ್ನ ಖಾಲಿ ಎಡದವಡೆ ತೋರಿಸಿ ಪಿಸುಗುಟ್ಟಿದಳು: “ಹಂಗಾದ್ರೆ ನಂಗೂ ಗಿಡ್ಡದೇ ಹಾಕ್ತಾಳೇನು, ಕೇಳೇ.”

ಇಷ್ಟು ಬರೆದಾಯಿತು. ಈಗ ಇದನ್ನು ಗಿಡ್ಡಮ್ಮನಿಗೆ ಓದಿ ಹೇಳುತ್ತೇನೆ. ‘ಗಿಡ್ಡ’ ಎಂದು ಬಂದ ಕಡೆಯೆಲ್ಲ ದನಿ ತಗ್ಗಿಸುತ್ತೇನೆ.